ಓದುಗರ ಪ್ರಶ್ನೆ: ಅಜ್ಜಿ ಹೇಳೋ ಕಥೆ ಪಾಡ್‌ಕಾಸ್ಟ್ ಆಗೋದು ಹೇಗೆ?

ಹೋದ ತಿಂಗಳು ಈ ಅಂಕಣದ ಕೊನೇಲಿ ಪಾಡ್‌ಕಾಸ್ಟ್ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಒಂದೇ ಸಾಲು ಹಾಕಿದ್ದೆ. ಬಂದಿರೋ ಕಾಗದ, ಮೆಸೇಜು, ವಾಯ್ಸ್ ನೋಟ್ ನೋಡಿ ನಿಜವಾಗ್ಲೂ ಖುಷಿ ಆಯ್ತು, ಅದ್ರಲ್ಲೂ ಅರ್ಧಕ್ಕರ್ಧ ಜನ ಕೇಳಿರೋದು ಮನೇಲಿರೋ ಹಿರಿಯರ ಮಾತನ್ನ ಹೇಗೆ ಹಿಡಿದಿಡೋದು ಅಂತ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿದ್ದೀನಿ. ಹೆಸರು ಹಾಕ್ಬೇಡಿ ಅಂದವರು ಜಾಸ್ತಿ ಇದ್ರು, ಹಾಗಾಗಿ ಎಲ್ರದ್ದೂ ಊರು ಮಾತ್ರ.

ಮೇಡಂ, ನಮ್ಮ ಅಜ್ಜಿಗೆ 86 ವರ್ಷ. ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗೀತಿದ್ದಿದ್ದು, ಮಳೆಗಾಲದಲ್ಲಿ ಹೊಳೆ ದಾಟಿ ಶಾಲೆಗೆ ಹೋಗ್ತಿದ್ದಿದ್ದು ಎಲ್ಲ ಹೇಳ್ತಾರೆ, ನಾನು ಫೋನಲ್ಲಿ ರೆಕಾರ್ಡ್ ಮಾಡಿ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕ್ತಿದ್ದೆ. ಕಸಿನ್ ಒಬ್ಳು ಇದನ್ನ ಪಾಡ್‌ಕಾಸ್ಟ್ ಮಾಡು ಅಂತಿದ್ದಾಳೆ. ವಾಟ್ಸಾಪಿಗೂ ಅದಕ್ಕೂ ಏನು ವ್ಯತ್ಯಾಸ? ಯೂಟ್ಯೂಬಿಗೆ ಹಾಕಿದ್ರೆ ಸಾಲ್ದಾ?
– ನಾಪೋಕ್ಲು

ವಾಟ್ಸಾಪಲ್ಲಿ ಹಾಕಿದ್ದು ಅವತ್ತು ಗ್ರೂಪಲ್ಲಿ ಇದ್ದವರಿಗೆ ಸಿಗತ್ತೆ, ನಾಳೆ ನೂರು ಗುಡ್ ಮಾರ್ನಿಂಗ್ ಫೋಟೋ ಬಂದ್ಮೇಲೆ ಅಜ್ಜಿ ಕಥೆ ಎಲ್ಲೋ ಮೇಲೆ ಹೋಗಿರತ್ತೆ, ಮುಂದಿನ ವರ್ಷ ಮದುವೆಯಾಗಿ ಮನೆಗೆ ಬಂದ ಸೊಸೆಗೆ ಅದು ಸಿಗೋದೇ ಇಲ್ಲ. ಯೂಟ್ಯೂಬಿಗೆ ಹಾಕಿದ್ರೆ ತಪ್ಪೇನಿಲ್ಲ, ತುಂಬ ಜನ ಅಲ್ಲೇ ಕೇಳ್ತಾರೆ, ಆದ್ರೆ ಅದು ಅವರ ಜಾಗ, ಅಲ್ಲಿನ ವಿಡಿಯೋನ ಅಲ್ಲೇ ನೋಡ್ಬೇಕು.

ಪಾಡ್‌ಕಾಸ್ಟ್ ಅಂದ್ರೆ ಎರಡೇ ವಸ್ತು. ಒಂದು, ಇಂಟರ್ನೆಟ್ಟಲ್ಲಿ ಒಂದು ಕಡೆ ಇಟ್ಟಿರೋ ಆಡಿಯೋ ಫೈಲು. ಎರಡನೇದು ಫೀಡ್, ಅಂದ್ರೆ ಆರ್‌ಎಸ್‌ಎಸ್ ಅನ್ನೋ, ಬರೀ ಅಕ್ಷರಗಳಿರೋ ಒಂದು ಫೈಲು. ನಮ್ಮ ಕೊಡಗಿನ ಕಡೆ ಹೇಳೋದಾದ್ರೆ ಅದು ಎಸ್ಟೇಟಲ್ಲಿ ಕೆಲಸದವರ ಹಾಜರಿ ಬರೆಯೋ ಚೆಕ್‌ರೋಲ್ ಪುಸ್ತಕ ಇದ್ದ ಹಾಗೆ. ರೈಟರ್ ದಿನಾ ಒಂದೊಂದು ಸಾಲು ಬರೀತಾ ಹೋಗಲ್ವಾ, ಹಾಗೆ ಫೀಡಲ್ಲಿ ಪ್ರತಿ ಕಂತಿಗೂ ಅದರ ಹೆಸರು, ತಾರೀಖು, ಎಷ್ಟು ನಿಮಿಷ, ಆಡಿಯೋ ಫೈಲು ಎಲ್ಲಿದೆ ಅನ್ನೋ ವಿಳಾಸ ಎಲ್ಲ ಬರ್ದಿರತ್ತೆ. ಕೇಳೋರ ಫೋನಲ್ಲಿರೋ ಆ್ಯಪ್ ಆಗಾಗ ಬಂದು ಆ ಪುಸ್ತಕ ತೆಗೆದು ನೋಡತ್ತೆ, ಹೊಸ ಸಾಲು ಇದ್ರೆ ಫೈಲನ್ನ ಇಳಿಸ್ಕೊಂಡು ಹೋಗತ್ತೆ, ಇಷ್ಟೇ. ಈ ಪುಸ್ತಕ ಯಾವ ಒಂದು ಕಂಪನಿದೂ ಅಲ್ಲ, ಯಾವ ಆ್ಯಪ್ ಬೇಕಾದ್ರೂ ಬಂದು ಓದಬಹುದು. ನನಗೆ ಪಾಡ್‌ಕಾಸ್ಟ್ ಮೇಲೆ ಇಷ್ಟು ಪ್ರೀತಿ ಇರೋದಕ್ಕೆ ಕಾರಣ ಇದೇ.

ಈ ಏರ್ಪಾಡು ಹೊಸದಲ್ಲ. 2000ದ ಡಿಸೆಂಬರಲ್ಲಿ ಡೇವ್ ವೈನರ್ ಅನ್ನೋರು ಆರ್‌ಎಸ್‌ಎಸ್ ಒಳಗೆ ಆಡಿಯೋ ಫೈಲಿನ ವಿಳಾಸ ಇಡೋಕೆ ಒಂದು ಜಾಗ ಮಾಡಿದ್ರು. 2003ರಲ್ಲಿ ರೇಡಿಯೋದವರಾಗಿದ್ದ ಕ್ರಿಸ್ಟೋಫರ್ ಲೈಡನ್ ತಮ್ಮ ಸಂದರ್ಶನಗಳನ್ನ ಹೀಗೆ ಹಂಚಿದ್ರು. ಐಪಾಡ್ (ಆ್ಯಪಲ್‌ನವರ ಹಾಡು ಕೇಳೋ ಪುಟ್ಟ ಯಂತ್ರ) ಮತ್ತು ಬ್ರಾಡ್‌ಕಾಸ್ಟ್ ಎರಡನ್ನೂ ಸೇರಿಸಿ ಪಾಡ್‌ಕಾಸ್ಟಿಂಗ್ ಅನ್ನೋ ಪದ 2004ರ ಫೆಬ್ರವರಿಯಲ್ಲಿ ಬೆನ್ ಹ್ಯಾಮರ್ಸ್‌ಲಿ ಅನ್ನೋ ಪತ್ರಕರ್ತ ಗಾರ್ಡಿಯನ್ ಪೇಪರಲ್ಲಿ ಬರೆದಿದ್ದು, 2005ರ ಜೂನಲ್ಲಿ ಆ್ಯಪಲ್‌ನವರು ಐಟ್ಯೂನ್ಸಿಗೆ ಸೇರಿಸಿದ್ಮೇಲೆ ಎಲ್ಲರಿಗೂ ಗೊತ್ತಾಯ್ತು. ಐಪಾಡ್ ಮಾರೋದನ್ನೇ 2022ರಲ್ಲಿ ನಿಲ್ಲಿಸಿದ್ರು, ಆದ್ರೆ ಆ ಫೀಡ್ ಇವತ್ತಿಗೂ ಹಾಗೇ ಓಡ್ತಿದೆ.

ಕಾಫಿ, ಒಳ್ಳೆಮೆಣಸು ಬೆಳೆಯೋರ ಜೊತೆ ಮಾತಾಡಿ ರೆಕಾರ್ಡ್ ಮಾಡ್ಬೇಕು ಅಂತಿದ್ದೀನಿ. ಮೈಕಿಗೆ ಎಷ್ಟು ಖರ್ಚು ಮಾಡ್ಲಿ? ನಮ್ಮದು ಶೀಟ್ ಹಾಕಿದ ಮನೆ, ಮಳೆ ಬಂದ್ರೆ ಪಕ್ಕದವರು ಮಾತಾಡಿದ್ದೇ ಕೇಳಲ್ಲ. ಆಮೇಲೆ ಕಂಪ್ಯೂಟರಲ್ಲಿ ಆ ಸದ್ದು ತೆಗೀಬಹುದಂತಲ್ಲ?
– ಸೋಮವಾರಪೇಟೆ

ಅಣ್ಣ, ಮೊದಲು ಜಾಗ ನೋಡಿ, ಮೈಕ್ ಆಮೇಲೆ. ಶೀಟ್ ಮೇಲೆ ಬೀಳೋ ಮಳೆ ಸದ್ದು ಮನುಷ್ಯರ ದನಿ ಇರೋ ಜಾಗದಲ್ಲೇ ಪೂರ್ತಿ ಹರಡಿಕೊಂಡಿರತ್ತೆ, ಅದನ್ನ ಸಾಫ್ಟ್‌ವೇರಲ್ಲಿ ಕೆರೆದು ತೆಗೆಯೋಕೆ ಹೋದ್ರೆ ದನಿನೂ ಜೊತೇಲೇ ಹೋಗಿ ನೀರೊಳಗಿಂದ ಮಾತಾಡಿದ ಹಾಗೆ ಕೇಳತ್ತೆ. ಫ್ರಿಜ್ಜು, ಫ್ಯಾನಿನ ಒಂದೇ ಸಮನೆ ಗುಂಯ್ ಅನ್ನೋ ಸದ್ದಾದ್ರೆ ಸ್ವಲ್ಪ ತೆಗೀಬಹುದು, ಮಳೆ ಆಗಲ್ಲ. ಅದಕ್ಕೆ ಜೂನ್, ಜುಲೈ, ಆಗಸ್ಟಲ್ಲಿ ಮಳೆ ಬಿಟ್ಟ ಹೊತ್ತು ಕಾಯ್ಬೇಕು, ಬೇರೆ ದಾರಿ ಇಲ್ಲ.

ಇನ್ನೊಂದು ಹೇಳ್ತೀನಿ, ನಿಮ್ಮ ಹತ್ರ ಬೆಂಗಳೂರಿನ ಸ್ಟುಡಿಯೋದವರಿಗೆ ಇಲ್ಲದ ಒಂದು ರೂಮಿದೆ, ಕಾಫಿ ಮೂಟೆ ಇಟ್ಟಿರೋ ಗೋಡೌನು! ಖಾಲಿ ಹಾಲಲ್ಲಿ, ರೆಡ್ ಆಕ್ಸೈಡ್ ನೆಲದ ಮೇಲೆ ಕೂತು ಮಾತಾಡಿದ್ರೆ ದನಿ ಗೋಡೆಗೆ ಬಡಿದು ವಾಪಸ್ ಬರತ್ತೆ, ಬಾವಿಯೊಳಗೆ ಕೂತ ಹಾಗೆ ಕೇಳತ್ತೆ. ತುಂಬಿದ ಗೋಣಿಮೂಟೆ ಮೂರು ಕಡೆ ಇದ್ರೆ ಅದು ದನಿನ ನುಂಗಿಬಿಡತ್ತೆ, ತಿರುಗಿ ಕಳಿಸಲ್ಲ. ನಾನು ಒಂದ್ಸಲ ಚೆರಿ ಮೂಟೆಗಳ ಮಧ್ಯೆ ಸ್ಟೂಲ್ ಹಾಕ್ಕೊಂಡು ರೆಕಾರ್ಡ್ ಮಾಡಿದ್ದೆ, ಅಷ್ಟು ಚೆನ್ನಾಗಿ ಬೇರೆಲ್ಲೂ ಬಂದಿಲ್ಲ. ಮೂಟೆ ಇಲ್ಲ ಅಂದ್ರೆ ಹಾಸಿಗೆ ಇರೋ ರೂಮು, ಬಟ್ಟೆ ತುಂಬಿದ ಬೀರು ಬಾಗ್ಲು ತೆಗೆದಿಟ್ಟು ಅದರ ಮುಂದೆ, ಹಿಂದೆ ಕಂಬಳಿ ನೇತು ಹಾಕಿ, ಇದೂ ಸಾಕಾಗತ್ತೆ.

ಹೊತ್ತು ಕೂಡ ನೋಡ್ಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಓಡ್ತಿರತ್ತೆ, ಫೆಬ್ರವರಿ, ಮಾರ್ಚಲ್ಲಿ ಸ್ಪ್ರಿಂಕ್ಲರ್ ಪಂಪು, ಬೇಸಿಗೆ ಸಂಜೆ ಜೀರುಂಡೆ. ಬೆಳಿಗ್ಗೆ ಹತ್ತರಿಂದ ಹನ್ನೆರಡು, ಕೆಲಸದವರು ತೋಟಕ್ಕೆ ಹೋದ್ಮೇಲೆ ಮನೆ ಹತ್ರ ಸದ್ದು ಕಮ್ಮಿ ಇರೋ ಹೊತ್ತು ನನಗೆ ಅದೇ ಸಿಕ್ಕಿದ್ದು. ಆನೆ ಓಡಿಸೋ ಪಟಾಕಿ ಮಧ್ಯೆ ಬಂದ್ರೆ ಮಾತು ನಿಲ್ಸಿ, ಆ ವಾಕ್ಯ ಮೊದಲಿಂದ ಹೇಳ್ಸಿ.

ಈಗ ಮೈಕು. ಶುರುವಿಗೆ ಫೋನೇ ಸಾಕು, ಬಾಯಿಂದ ಒಂದು ಗೇಣು ದೂರ, ನೇರ ಬಾಯಿ ಮುಂದೆ ಅಲ್ಲ, ಸ್ವಲ್ಪ ಪಕ್ಕಕ್ಕೆ, ಯಾಕಂದ್ರೆ ನಮ್ಮ ಪ, ಬ, ಭ, ಫ ಎಲ್ಲ ಗಾಳಿ ಉಗುಳೋ ಅಕ್ಷರ, ನೇರ ಇಟ್ರೆ ಡಬ್ ಡಬ್ ಅಂತ ಹೊಡೆಯತ್ತೆ. ಏರೋಪ್ಲೇನ್ ಮೋಡ್ ಹಾಕಿ. ಎರಡು ಜನ ಇದ್ರೆ ಇಬ್ರಿಗೂ ಬೇರೆ ಬೇರೆ ಕಾಲರ್ ಮೈಕ್ ಇರೋದು ಒಳ್ಳೇದು. ಮುಂದೆ ದುಡ್ಡು ಹಾಕಿ ಮೈಕ್ ತಗೊಳ್ಳೋದಾದ್ರೆ ಡೈನಾಮಿಕ್ ಮೈಕ್ ತಗೊಳ್ಳಿ, ಕಂಡೆನ್ಸರ್ ಬೇಡ. ಕಂಡೆನ್ಸರ್ ತುಂಬ ಸೂಕ್ಷ್ಮ, ಅಂಗಳದ ಕೋಳಿನೂ ಬಿಡಲ್ಲ, ಡೈನಾಮಿಕ್ ಆದ್ರೆ ಬಾಯಿ ಹತ್ರ ಇಟ್ಟಾಗ ಹತ್ತಿರದ ದನಿನೇ ಹೆಚ್ಚು ಹಿಡಿಯತ್ತೆ.

ರೆಕಾರ್ಡ್ ಮಾಡುವಾಗ ಲೆವೆಲ್ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ಮಧ್ಯೆ ಆಡ್ತಿರ್ಲಿ. ಸೊನ್ನೆ ಮುಟ್ಟಿ ಒಡೆದ ದನಿ ರಿಪೇರಿ ಆಗೋದು ಬಹಳ ಕಷ್ಟ, ಸಣ್ಣಗೆ ಬಂದ ದನಿನ ಆಮೇಲೆ ಏರಿಸಬಹುದು. ಮಾತು ಶುರು ಮಾಡೋ ಮೊದಲು ಅರ್ಧ ನಿಮಿಷ ಎಲ್ರೂ ಸುಮ್ಮನೆ ಕೂತು ಬರೀ ರೂಮಿನ ಸದ್ದು ರೆಕಾರ್ಡ್ ಮಾಡ್ಕೊಳ್ಳಿ, ಎಡಿಟ್ ಮಾಡುವಾಗ ಕೆಲಸಕ್ಕೆ ಬರತ್ತೆ. ಫೈಲು ವೇವ್ (ಒತ್ತಿ ಚಿಕ್ಕದು ಮಾಡದೇ ಇರೋದು) ಆಗಿರ್ಲಿ, ಮೋನೋ (ಒಂದೇ ಚಾನೆಲ್) ಆದ್ರೆ 40 ನಿಮಿಷಕ್ಕೆ ಸುಮಾರು 210 ಎಂಬಿ ಆಗತ್ತೆ, ದೊಡ್ಡದೇ, ಆದ್ರೆ ಮೂಲ ಅದು, ಇಟ್ಕೊಳ್ಳಿ. ಎಡಿಟಿಂಗಿಗೆ ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಉಚಿತವಾಗಿ ಸಿಗತ್ತೆ. ಎಲ್ಲ ಕತ್ತರಿಸಿ ಆದ್ಮೇಲೆ ಅದರಲ್ಲೇ ಲೌಡ್‌ನೆಸ್ ನಾರ್ಮಲೈಸೇಶನ್ ಅಂತ ಇದೆ, ಸ್ಟೀರಿಯೋ ಆದ್ರೆ ಮೈನಸ್ 16, ಮೋನೋ ಆದ್ರೆ ಮೈನಸ್ 19 ಎಲ್‌ಯುಎಫ್‌ಎಸ್ (ದನಿ ಎಷ್ಟು ಜೋರು ಅನ್ನೋದರ ಅಳತೆ) ಕೊಟ್ರೆ ಒಂದು ಕಂತು ಜೋರು, ಇನ್ನೊಂದು ಮೆಲ್ಲಗೆ ಅನ್ನೋ ಕಾಟ ಇರಲ್ಲ. ಕೊನೇಲಿ ಎಂಪಿ3 ಮಾಡಿ. ಬರೀ ಮಾತಾದ್ರೆ ಮೋನೋ 64 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋ ಲೆಕ್ಕ) ಸಾಕು, 40 ನಿಮಿಷಕ್ಕೆ 19 ಎಂಬಿ ಆಗತ್ತೆ, 128 ಇಟ್ರೆ ಅದರ ಎರಡರಷ್ಟು. ನಮ್ಮ ಜಿಲ್ಲೆಯ ನೆಟ್‌ವರ್ಕ್ ನೋಡಿ 64 ಅಂತ ಹೇಳ್ತಿದ್ದೀನಿ.

ಎಡಿಟ್ ಮಾಡುವಾಗ ಒಂದು ಕೋರಿಕೆ, ವಯಸ್ಸಾದವರು ನೆನಪು ಮಾಡ್ಕೊಳ್ಳೋಕೆ ನಿಲ್ಸೋ ಆ ನಾಲ್ಕು ಸೆಕೆಂಡನ್ನ ಕತ್ತರಿಸ್ಬೇಡಿ. ಕೆಮ್ಮು ತೆಗೀರಿ, ಫೋನ್ ರಿಂಗ್ ತೆಗೀರಿ, ಆ ಮೌನ ಬಿಡಿ.

ನನ್ನ ಫ್ರೆಂಡ್ ಬೆಂಗಳೂರಲ್ಲಿ, ನಾನಿಲ್ಲಿ. ವಿಡಿಯೋ ಕಾಲ್ ರೆಕಾರ್ಡ್ ಮಾಡಿದ್ರೆ ನನ್ನ ದನಿ ರೋಬೋ ಥರ ಬರ್ತಿದೆ. ಏನ್ ಮಾಡೋದು?
– ವಿರಾಜಪೇಟೆ, ಡಿಗ್ರಿ ವಿದ್ಯಾರ್ಥಿನಿ

ಕಾಲ್ ಬರೀ ಮಾತಾಡೋಕೆ ಇಟ್ಕೊಳ್ಳಿ ತಂಗಿ, ಅದನ್ನ ರೆಕಾರ್ಡ್ ಮಾಡ್ಬೇಡಿ. ಇಬ್ರೂ ಇಯರ್‌ಫೋನ್ ಹಾಕ್ಕೊಂಡು ಮಾತಾಡಿ, ಪಕ್ಕದಲ್ಲಿ ಇನ್ನೊಂದು ಫೋನಿಟ್ಟು ಅವರವರ ದನಿನ ಅವರವರೇ ರೆಕಾರ್ಡ್ ಮಾಡಿ, ಶುರುವಲ್ಲಿ ಒಂದು ಎರಡು ಮೂರು ಅಂತ ಎಣಿಸಿ ಇಬ್ರೂ ಒಟ್ಟಿಗೆ ಚಪ್ಪಾಳೆ ಹೊಡೀರಿ. ಆಮೇಲೆ ಎರಡೂ ಫೈಲನ್ನ ಆಡಾಸಿಟಿಲಿ ಒಂದರ ಕೆಳಗೆ ಒಂದು ಹಾಕಿ ಚಪ್ಪಾಳೆಗೆ ಚಪ್ಪಾಳೆ ಸೇರಿಸಿದ್ರೆ ಮುಗೀತು. ಕಾಲ್ ಸ್ವಲ್ಪ ತಡವಾಗಿ ಕೇಳ್ಸೋದ್ರಿಂದ ಚಪ್ಪಾಳೆ ಚೂರು ಹಿಂದೆ ಮುಂದೆ ಆಗತ್ತೆ, ಮಾತು ಕೇಳಿ ಸರಿ ಮಾಡ್ಕೊಳ್ಳಿ. ಮಧ್ಯೆ ನೆಟ್ ಕಡಿದ್ರೂ ರೆಕಾರ್ಡಿಂಗ್ ಹಾಳಾಗಲ್ಲ. ಅವರ ಫೈಲನ್ನ ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ.

ಫೈಲ್ ರೆಡಿ ಇದೆ. ಈಗ ಇದನ್ನ ಎಲ್ಲಿ ಹಾಕೋದು? ಒಂದೊಂದು ಆ್ಯಪಿಗೂ ಬೇರೆ ಬೇರೆ ಅಪ್‌ಲೋಡ್ ಮಾಡ್ಬೇಕಾ? ಫ್ರೀ ಜಾಗದಲ್ಲಿ ಹಾಕಿದ್ರೆ ಸಾಕಾ ಇಲ್ಲ ದುಡ್ಡು ಕಟ್ಬೇಕಾ?
– ಕುಶಾಲನಗರ

ಒಂದೇ ಕಡೆ ಅಪ್‌ಲೋಡ್ ಮಾಡ್ಬೇಕು. ಅದಕ್ಕೆ ಹೋಸ್ಟಿಂಗ್ ಅಂತಾರೆ. ನೀವು ಎಂಪಿ3 ಹಾಕಿ ಹೆಸರು, ವಿವರ ಬರೆದ್ರೆ ನಾನು ಮೇಲೆ ಹೇಳಿದ ಆ ಪುಸ್ತಕನ, ಅಂದ್ರೆ ಫೀಡನ್ನ ಅವರೇ ತಯಾರು ಮಾಡ್ತಾರೆ. ಆ ಫೀಡಿನ ವಿಳಾಸ ತಗೊಂಡು ಆ್ಯಪಲ್ ಪಾಡ್‌ಕಾಸ್ಟ್ಸ್, ಸ್ಪಾಟಿಫೈ ಹೀಗೆ ಒಂದೊಂದು ಕಡೆಗೂ ಒಂದೇ ಒಂದ್ಸಲ ಕೊಟ್ರೆ ಸಾಕು, ಆಮೇಲೆ ನೀವು ಹೊಸ ಕಂತು ಹಾಕಿದಾಗೆಲ್ಲ ಅವರೇ ಬಂದು ತಗೊಂಡು ಹೋಗ್ತಾರೆ. ಕೊಡೋ ಮೊದಲು ಕನಿಷ್ಠ ಒಂದು ಕಂತು ಹಾಕಿರ್ಬೇಕು, ಚೌಕದ ಕವರ್ ಚಿತ್ರ ಬೇಕು, ಆ್ಯಪಲ್‌ನವರು ಕೇಳೋದು 1400ರಿಂದ 3000 ಪಿಕ್ಸೆಲ್ ಅಗಲ. ಚಿತ್ರದಲ್ಲಿ ಅಕ್ಷರ ದಪ್ಪಗೆ ಬರೀರಿ, ಫೋನಲ್ಲಿ ಅದು ಉಗುರಿನಷ್ಟು ಕಾಣತ್ತೆ. ಫೀಡಲ್ಲಿ ನಿಮ್ಮ ಇಮೇಲ್ ಇದ್ರೆ ಅದು ಯಾರಿಗೆ ಬೇಕಾದ್ರೂ ಕಾಣತ್ತೆ, ಅದಕ್ಕೇ ಅಂತ ಬೇರೆ ಇಮೇಲ್ ಮಾಡ್ಕೊಳ್ಳಿ.

ಫ್ರೀಯಾ, ದುಡ್ಡಾ ಅನ್ನೋದಕ್ಕೆ ನನ್ನದೇ ಕಥೆ ಹೇಳ್ಬೇಕು. ಕೆಲವು ವರ್ಷದ ಹಿಂದೆ ನಮ್ಮ ದೊಡ್ಡಮ್ಮನ ಜೊತೆ ಕೂತು ಹನ್ನೊಂದು ಕಂತು ಮಾಡಿದ್ದೆ, ಹಳೇ ಕಾಲದ ಬಾಣಂತನ, ಮದ್ದು ಸೊಪ್ಪು, ಆಟಿ ತಿಂಗಳ ಅಡುಗೆ ಎಲ್ಲ. ಒಂದು ಉಚಿತ ಜಾಗದಲ್ಲಿ ಹಾಕಿದ್ದೆ, ಫೋನ್ ತುಂಬ್ತು ಅಂತ ಮೂಲ ಫೈಲನ್ನ ಅಳಿಸಿಬಿಟ್ಟೆ. ಒಂದು ದಿನ ಅವರು ಅಂಗಡಿ ಮುಚ್ಚಿದ್ರು. ಮುಚ್ತೀವಿ ಅಂತ ಇಮೇಲ್ ಬಂದಿತ್ತಂತೆ, ನಾನು ನೋಡಿರ್ಲಿಲ್ಲ. ದೊಡ್ಡಮ್ಮ ಅಷ್ಟೊತ್ತಿಗೆ ಹೋಗಿಬಿಟ್ಟಿದ್ರು. ಈಗ ನನ್ನ ಹತ್ರ ಇರೋದು ಅಕ್ಕನ ಮಗಳು ತನ್ನ ಆ್ಯಪಲ್ಲಿ ಇಳಿಸ್ಕೊಂಡಿದ್ದ ಎರಡೇ ಕಂತು.

ಅದಕ್ಕೆ ಹೇಳ್ತಿದ್ದೀನಿ, ಫ್ರೀ ಜಾಗ ಧಾರಾಳವಾಗಿ ಬಳಸಿ, ಆದ್ರೆ ಮೂಲ ವೇವ್ ಫೈಲು ನಿಮ್ಮ ಹತ್ರ ಎರಡು ಬೇರೆ ಬೇರೆ ಕಡೆ ಇರ್ಬೇಕು, ಒಂದು ಹಾರ್ಡ್ ಡಿಸ್ಕ್, ಇನ್ನೊಂದು ಬೇರೆ ಮನೇಲಿ ಇಲ್ಲ ಕ್ಲೌಡಲ್ಲಿ. ನಮ್ಮ ಮಳೆಗಾಲದ ತೇವಕ್ಕೆ ಬೀರುಲಿಟ್ಟ ಹಾರ್ಡ್ ಡಿಸ್ಕನ್ನೂ ನಂಬೋಕಾಗಲ್ಲ. ಮತ್ತೆ ಸೇರೋ ಮೊದಲು ಎರಡು ವಿಷಯ ಕೇಳಿ: ನನ್ನ ಫೀಡಿನ ವಿಳಾಸ ನನಗೆ ಕೊಡ್ತೀರಾ, ನಾಳೆ ನಾನು ಬೇರೆ ಕಡೆ ಹೋದ್ರೆ ಹಳೇ ವಿಳಾಸದಿಂದ ಹೊಸ ವಿಳಾಸಕ್ಕೆ ದಾರಿ ತಿರುಗಿಸಿ ಕೊಡ್ತೀರಾ? ಇದಕ್ಕೆ 301 ರೀಡೈರೆಕ್ಟ್ ಅಂತಾರೆ, ಪೋಸ್ಟ್ ಆಫೀಸಲ್ಲಿ ವಿಳಾಸ ಬದಲಾಯ್ತು ಅಂತ ಬರೆಸಿಟ್ಟ ಹಾಗೆ, ಕೇಳುಗರು ಏನೂ ಮಾಡದೇನೇ ಹೊಸ ಜಾಗಕ್ಕೆ ಬಂದುಬಿಡ್ತಾರೆ. ಈ ಎರಡಕ್ಕೂ ಹೂಂ ಅನ್ನದವರ ಹತ್ರ ಹೋಗ್ಬೇಡಿ. ಕೆಲವು ಉಚಿತ ಜಾಗದಲ್ಲಿ ಫೀಡ್ ತಾನಾಗೇ ಇರಲ್ಲ, ಸೆಟ್ಟಿಂಗಿಗೆ ಹೋಗಿ ಆನ್ ಮಾಡ್ಬೇಕು, ಅದನ್ನೂ ನೋಡ್ಕೊಳ್ಳಿ.

ಸಬ್‌ಸ್ಕ್ರೈಬ್ ಮಾಡಿ ಅಂತ ಎಲ್ರೂ ಹೇಳ್ತಾರೆ, ಮಾಡಿದ್ರೆ ತಿಂಗಳಿಗೆ ದುಡ್ಡು ಕಟ್ ಆಗತ್ತಾ? ನಮ್ಮಲ್ಲಿ ಮಳೆ ಶುರುವಾದ್ರೆ ಕರೆಂಟೂ ಇಲ್ಲ, ಟವರೂ ಇಲ್ಲ. ರಿಟೈರ್ಡ್ ಮೇಷ್ಟ್ರು ನಾನು, ರೇಡಿಯೋ ಕೇಳಿ ಅಭ್ಯಾಸ.
– ಭಾಗಮಂಡಲ

ದುಡ್ಡು ಕಟ್ ಆಗಲ್ಲ ಮೇಷ್ಟ್ರೇ. ಈ ಸಂಶಯ ನಿಮಗೊಬ್ಬರಿಗೇ ಅಲ್ಲ, 2021ರಲ್ಲಿ ಆ್ಯಪಲ್‌ನವರು ತಮ್ಮ ಆ್ಯಪಲ್ಲಿ ಸಬ್‌ಸ್ಕ್ರೈಬ್ ಅನ್ನೋ ಬಟನ್ ತೆಗೆದು ಫಾಲೋ ಅಂತ ಮಾಡಿದ್ರು. ಅದೇ ವರ್ಷ ನಿಜವಾಗ್ಲೂ ದುಡ್ಡು ಕೊಟ್ಟು ಕೇಳೋ ಚಂದಾನೂ ಶುರು ಮಾಡಿದ್ರು, ಆದ್ರೆ ಅದರಲ್ಲಿ ಬೆಲೆ ಸ್ಪಷ್ಟವಾಗಿ ತೋರ್ಸಿ ನಿಮ್ಮ ಒಪ್ಪಿಗೆ ಕೇಳ್ತಾರೆ. ಸಾಮಾನ್ಯ ಸಬ್‌ಸ್ಕ್ರೈಬ್ ಅಂದ್ರೆ ನಿಮ್ಮ ಆ್ಯಪಿಗೆ ಈ ಫೀಡಿನ ಮೇಲೆ ಕಣ್ಣಿಡು ಅಂತ ಹೇಳಿದ ಹಾಗೆ ಅಷ್ಟೇ.

ಟವರ್ ಇಲ್ಲದ ಊರಿಗೆ ಇದು ಹೇಳಿ ಮಾಡಿಸಿದ್ದು. ಮೊದಲಿಂದ್ಲೂ ಪಾಡ್‌ಕಾಸ್ಟ್ ಅಂದ್ರೆ ಇಳಿಸ್ಕೊಂಡು ಕೇಳೋದೇ. ಆಂಡ್ರಾಯ್ಡ್ ಫೋನಾದ್ರೆ ಆಂಟೆನಾಪಾಡ್ ಅಂತ ಒಂದು ಆ್ಯಪ್ ಇದೆ, ಉಚಿತ, ಜಾಹೀರಾತಿಲ್ಲ, ಅಕೌಂಟ್ ಮಾಡೋದೂ ಬೇಡ. ಅದರಲ್ಲಿ ನಿಮಗೆ ಬೇಕಾದ್ದನ್ನ ಹುಡುಕಿ ಸಬ್‌ಸ್ಕ್ರೈಬ್ ಒತ್ತಿ, ಸೆಟ್ಟಿಂಗಲ್ಲಿ ಹೊಸ ಕಂತು ತಾನಾಗೇ ಡೌನ್‌ಲೋಡ್ ಆಗ್ಲಿ, ವೈಫೈ ಇದ್ದಾಗ ಮಾತ್ರ ಆಗ್ಲಿ ಅಂತ ಇಡಿ. ಮಡಿಕೇರಿಗೆ ಮಗಳ ಮನೆಗೆ ಹೋದಾಗ ಅಲ್ಲಿನ ವೈಫೈಗೆ ಫೋನ್ ಸೇರಿಸಿಟ್ರೆ ಊಟ ಮುಗಿಯೋಷ್ಟರಲ್ಲಿ ಹತ್ತು ಕಂತು ಇಳಿದಿರತ್ತೆ, 40 ನಿಮಿಷದ ಕಂತನ್ನ 64 ಕೆಬಿಪಿಎಸ್‌ನಲ್ಲಿ ಮಾಡಿದ್ದಾದ್ರೆ ಎಲ್ಲ ಸೇರಿ 200 ಎಂಬಿನೂ ಇರಲ್ಲ. ವಾಪಸ್ ಬಂದು ವಾರವಿಡೀ ಟವರ್ ಇಲ್ಲದೇನೇ ಕೇಳಿ. ಫೋನಿನ ಸ್ಕ್ರೀನ್ ಆಫ್ ಇದ್ರೂ ಓಡತ್ತೆ, ಹಾಗಾಗಿ ಚಾರ್ಜೂ ತುಂಬ ಹೊತ್ತು ಬರತ್ತೆ. ರೇಡಿಯೋಲಿ ಹೊತ್ತು ತಪ್ಪಿದ್ರೆ ಕಾರ್ಯಕ್ರಮ ಹೋಯ್ತು, ಇಲ್ಲಿ ಹಾಗಿಲ್ಲ, ನಿಲ್ಸಿದ ಕಡೆಯಿಂದ್ಲೇ ನಾಳೆ ಮುಂದುವರಿಯತ್ತೆ. ಮಡಿಕೇರಿ ಆಕಾಶವಾಣಿ ಬಿಡಿ ಅಂತ ನಾನು ಹೇಳಲ್ಲ, ಮಳೆಗಾಲದಲ್ಲಿ ಸುದ್ದಿ ತಿಳಿಯೋಕೆ ಸೆಲ್ ಹಾಕಿದ ಒಂದು ರೇಡಿಯೋ ಮನೇಲಿರ್ಲೇಬೇಕು.

ಆ್ಯಪ್ ಬದಲಾಯಿಸೋದಾದ್ರೆ ನಿಮ್ಮ ಪಟ್ಟಿನ ಒಪಿಎಂಎಲ್ ಅನ್ನೋ ಸಣ್ಣ ಫೈಲಾಗಿ ತೆಗೆದು ಇನ್ನೊಂದಕ್ಕೆ ಹಾಕ್ಬಹುದು. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ನಿಂತಾಗ ತುಂಬ ಜನ ಹೀಗೇ ಬೇರೆ ಕಡೆ ಹೋದ್ರು, ಪಟ್ಟಿಯ ಒಂದು ಪಾಡ್‌ಕಾಸ್ಟೂ ಕಳ್ಕೊಳ್ಳಲಿಲ್ಲ.

ನಮ್ಮದು ಕೊಡವ ತಕ್ಕ್‌ನಲ್ಲಿ ಮಾಡ್ತಿರೋ ಪಾಡ್‌ಕಾಸ್ಟ್. ಭಾಷೆ ಆರಿಸಿ ಅನ್ನೋ ಕಡೆ ಕೊಡವ ಇಲ್ಲ. ಕನ್ನಡ ಅಂತ ಹಾಕ್ಲಾ?
– ಪೊನ್ನಂಪೇಟೆ

ಫೀಡಲ್ಲಿ ಭಾಷೆಗೆ ಒಂದು ಸಂಕೇತ ಇರತ್ತೆ, ಕನ್ನಡಕ್ಕೆ ಕೆ ಎನ್. ಕೊಡವಕ್ಕೂ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸಂಕೇತ ಇದೆ, ಕೆ ಎಫ್ ಎ ಅಂತ, ಆದ್ರೆ ಅದು ಮೂರಕ್ಷರದ್ದು, ಆ್ಯಪಲ್ ಥರದವರು ಕೇಳೋದು ಎರಡಕ್ಷರದ ಪಟ್ಟಿಯಿಂದ. ಆ ಪಟ್ಟಿಯಲ್ಲಿ ಕೊಡವ ಇಲ್ಲ. ಇದು ನನಗೆ ಬೇಜಾರಿನ ವಿಷಯವೇ. ಸದ್ಯಕ್ಕೆ ಕೆ ಎನ್ ಹಾಕಿ, ಆದ್ರೆ ಪಾಡ್‌ಕಾಸ್ಟಿನ ಹೆಸರಲ್ಲೇ ಕೊಡವ ಅನ್ನೋ ಪದ ಬರೋ ಹಾಗೆ ಇಡಿ, ವಿವರದ ಮೊದಲ ಸಾಲಲ್ಲೇ ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಕೊಡವ ತಕ್ಕ್ ಅಂತ ಬರೀರಿ, ದುಬೈಲಿ ಇರೋರು, ಮೈಸೂರಲ್ಲಿ ಇರೋರು ಇಂಗ್ಲಿಷ್ ಅಕ್ಷರದಲ್ಲೇ ಹುಡುಕೋದು. ಅರೆಭಾಷೆಲಿ ಮಾಡೋರಿಗೂ ಇದೇ ಮಾತು.

ಎಷ್ಟು ಜನ ಸಬ್‌ಸ್ಕ್ರೈಬ್ ಆಗಿದ್ದಾರೆ ಅಂತ ಎಲ್ಲಿ ನೋಡೋದು? ಡೌನ್‌ಲೋಡ್ 43 ಅಂತ ತೋರಿಸ್ತಿದೆ, ಅಷ್ಟೇ ಜನ ಕೇಳಿದ್ದಾ?
– ಸುಂಟಿಕೊಪ್ಪ

ಒಟ್ಟು ಲೆಕ್ಕ ಯಾರ ಹತ್ರನೂ ಇರಲ್ಲ. ಆ್ಯಪ್ ಬಂದು ಪುಸ್ತಕ ಓದ್ಕೊಂಡು ಹೋಗೋದಲ್ವಾ, ಕೇಳುಗರು ನಿಮ್ಮ ಹತ್ರ ಹೆಸರು ಬರೆಸಲ್ಲ. ಒಂದೊಂದು ಆ್ಯಪ್ ತನ್ನಲ್ಲಿ ಫಾಲೋ ಮಾಡಿದವರನ್ನ ಮಾತ್ರ ತೋರಿಸತ್ತೆ. ಡೌನ್‌ಲೋಡ್ ಅನ್ನೋದಕ್ಕೆ ಐಎಬಿ ಅನ್ನೋ ಜಾಹೀರಾತು ಸಂಸ್ಥೆಯ ಒಂದು ಅಳತೆ ಇದೆ, ಕನಿಷ್ಠ ಒಂದು ನಿಮಿಷದಷ್ಟು ಆಡಿಯೋ ಇಳಿದಿರ್ಬೇಕು, ಅದೇ ಫೋನಿಂದ 24 ಗಂಟೆಯೊಳಗೆ ಎಷ್ಟು ಸಲ ಇಳಿಸಿದ್ರೂ ಒಂದೇ ಅಂತ ಎಣಿಸ್ಬೇಕು. ಇಳಿಸ್ಕೊಂಡು ಕೇಳದೇ ಇದ್ದವರು ಇರ್ತಾರೆ, ಒಂದೇ ಫೋನಲ್ಲಿ ಇಡೀ ಮನೆಯವರು ಕೂತು ಕೇಳಿದ್ದೂ ಇರತ್ತೆ. 43 ಅಂದ್ರೆ ನಿಮ್ಮ ಮನೆ ಜಗಲಿ ತುಂಬೋಷ್ಟು ಜನ, ಕಮ್ಮಿ ಅಂತ ನಿಲ್ಸ್ಬೇಡಿ.

ನಮ್ಮ ಮಾವ ದುಡಿ (ಕೈಯಲ್ಲಿ ಹಿಡಿಯೋ ಸಣ್ಣ ಡೋಲು) ಹಿಡಿದು ಪಾಟ್, ಅಂದ್ರೆ ಕೊಡವ ಹಾಡು, ಹಾಡ್ತಾರೆ. ಪಾಡ್‌ಕಾಸ್ಟ್ ಶುರುವಿಗೆ ಹಾಕೋಣ ಅಂತ. ಇಲ್ಲಾಂದ್ರೆ ಒಂದು ಸಿಡಿಯಲ್ಲಿ ಚೆನ್ನಾಗಿರೋದಿದೆ, ಅದನ್ನ ಹಾಕ್ಬಹುದಾ?
– ಗೋಣಿಕೊಪ್ಪ

ಸಿಡಿ ಬೇಡ. ಹಾಡು ಎಷ್ಟೇ ಹಳೇದಿದ್ರೂ ಆ ರೆಕಾರ್ಡಿಂಗಿನ ಹಕ್ಕು ಅದನ್ನ ಮಾಡಿದವರದ್ದು, ಹತ್ತು ಸೆಕೆಂಡ್ ಆದ್ರೆ ಪರವಾಗಿಲ್ಲ ಅನ್ನೋದೂ ಸುಳ್ಳು. ಮಾವನ ಹತ್ರನೇ ಹಾಡಿಸಿ, ಬೇರೆ ಕಡೆ ಇರೋರೂ ಕೇಳ್ತಾರೆ ಅಂತ ಅವರಿಗೆ ಮೊದಲೇ ಹೇಳಿ, ಅವರು ಒಪ್ಪಿದ್ದನ್ನೂ ಅದೇ ರೆಕಾರ್ಡಿಂಗಲ್ಲಿ ಅವರ ಬಾಯಲ್ಲೇ ಹೇಳಿಸಿಡಿ. ದುಡಿ ಸದ್ದು ಮಾತಿಗಿಂತ ತುಂಬ ಜೋರು, ಮೈಕನ್ನ ಬಾಯಿ ಕಡೆ ಇಟ್ಟು ಅವರನ್ನ ನಾಲ್ಕು ಹೆಜ್ಜೆ ಹಿಂದೆ ಕೂರಿಸಿ, ಲೆವೆಲ್ ಇನ್ನೂ ಸ್ವಲ್ಪ ಇಳಿಸಿ. ಪಾಟ್ ಮಾತ್ರ ಮೂಟೆ ಮಧ್ಯೆ ಬೇಡ, ದೊಡ್ಡ ಹಾಲಲ್ಲೋ ಐನ್ ಮನೆಯ (ಕುಟುಂಬದ ಮೂಲ ಮನೆಯ) ಕೈಸಾಲೆಲೋ, ಅಂದ್ರೆ ಜಗಲಿಲೋ ಮಾಡಿ, ದುಡಿಗೆ ಆ ಮರದ ಮೇಲ್ಚಾವಣಿಯ ಗುಂಗು ಬೇಕು. ಎಂಪಿ3 ಮಾಡುವಾಗ ಈ ಕಂತಿಗೆ 128 ಇಡಿ.